ಮೂವತ್ತು ಎಲೆಗಳ ಲೆಕ್ಕ

(ವಿಜಯನಗರದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿವೇತನ, ಉದ್ಯೋಗಗಳ ಬಗ್ಗೆ ಹಿರಿಯರು ಮಾತನಾಡಿದ್ದಾರೆ. ನಾನು ನಿಮ್ಮ ಮೊಬೈಲಿನಲ್ಲಿರುವ ಕಾರ್ಡು ಆಟದ ಬಗ್ಗೆ ಮಾತನಾಡುತ್ತೇನೆ. ನಗಬೇಡಿ, ಕಾರಣವಿದೆ.

ನನ್ನ ತಂಗಿಯ ಮಗ, ಪರೀಕ್ಷಾ ಶುಲ್ಕಕ್ಕೆಂದು ಅವನ ಅಮ್ಮಿ ಕೊಟ್ಟ ಹಣವನ್ನು ಇಂತಹ ಒಂದು ಆಟದ ಕಾರ್ಡು ಪೊಟ್ಟಣಗಳಿಗೆ ಸುರಿದುಬಿಟ್ಟ. ಕೇಳಿದರೆ, “ಮಾಮು, ಇನ್ನೊಂದೇ ಒಂದು ಕಾರ್ಡು ಬಂದಿದ್ದರೆ ಡೆಕ್ ಪೂರ್ತಿ ಆಗ್ತಿತ್ತು” ಎಂದ. ಬೈಯುವ ಮೊದಲು ಈ ಆಟ ಏನೆಂದು ತಿಳಿಯೋಣವೆಂದು ಅವನ ಪಕ್ಕದಲ್ಲೇ ಕುಳಿತೆ.

ಕಾರ್ಡು ಆಟ ಮೈಸೂರಿಗೆ ಹೊಸದೇನಲ್ಲ. ಗಂಜೀಫಾ ಎಲೆಗಳನ್ನು ಷಾ ಹಸನನಿಗೆ ಕಳುಹಿಸಿದ ಸಂಗತಿಯನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ 1527ರಲ್ಲಿ ದಾಖಲಿಸಿದ್ದಾನೆ. ಮೊಗಲ್ ಗಂಜೀಫಾದಲ್ಲಿ 96 ಎಲೆಗಳು. ದಶಾವತಾರ ಗಂಜೀಫಾದಲ್ಲಿ 120. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 360 ಎಲೆಗಳವರೆಗಿನ ಆಟಗಳನ್ನು ರೂಪಿಸಿದರು. ಮುಸ್ಲಿಂ ದರ್ಬಾರುಗಳಿಂದ ಬಂದ ಆಟ ಮೈಸೂರಿನ ಅರಮನೆಯಲ್ಲಿ ಹೀಗೆ ಬೆಳೆಯಿತು.

ಗಂಜೀಫಾದಲ್ಲಿ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತಾರೆ. ಇಂದಿನ ಆಟಗಳಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು, ಅಂದರೆ ಡೆಕ್ಕನ್ನು, ತಾನೇ ಕಟ್ಟಿಕೊಂಡು ಬರುತ್ತಾನೆ. ಉದಾಹರಣೆಗೆ 2014ರಲ್ಲಿ ಬಂದ ಹಾರ್ತ್‌ಸ್ಟೋನ್ ನೋಡೋಣ. ನಮ್ಮ ಹುಡುಗ ಆಡಿದ್ದು ಬೇರೆ. ಇದರಲ್ಲಿ ಸಾಮಾನ್ಯವಾಗಿ ಡೆಕ್ಕಿಗೆ 30 ಕಾರ್ಡು. ಒಂದೇ ಕಾರ್ಡಿನ 2 ಪ್ರತಿ ಇಡಬಹುದು. ಲೆಜೆಂಡರಿ ಎಂಬ ಅಪರೂಪದ ಕಾರ್ಡಾದರೆ 1 ಮಾತ್ರ.

ಈಗ ಲೆಕ್ಕ ಮಾಡಿ. ಒಂದೇ ಪ್ರತಿ ಇದ್ದರೆ, ಮೊದಲು ಸಿಗುವ 10 ಕಾರ್ಡುಗಳಲ್ಲಿ ಅದು ಕೈಗೆ ಬರುವ ಸಂಭವ ಶೇ. 33. ಎರಡು ಪ್ರತಿ ಇದ್ದರೆ ಒಂದಾದರೂ ಬರುವ ಸಂಭವ ಶೇ. 56. ಅಂದರೆ “ಇನ್ನೊಂದೇ ಒಂದು ಕಾರ್ಡು” ಸಿಕ್ಕರೂ ಮೂರು ಆಟಗಳಲ್ಲಿ ಎರಡರಲ್ಲಿ ಅದು ಹೊತ್ತಿಗೆ ಕೈಗೆ ಬರುವುದೇ ಇಲ್ಲ! ಪಿ.ಯು. ಗಣಿತದ ಸಂಭಾವ್ಯತೆಯ ಪಾಠ ಇದೇ ಅಲ್ಲವೇ?

ನಮ್ಮ ಹುಡುಗ ಕಟ್ಟಲು ಹೊರಟದ್ದು ಎದುರಾಳಿಯ ಆಟವನ್ನು ಕೆಡಿಸುವ ಡೆಕ್. ಹಾರ್ತ್‌ಸ್ಟೋನಿನಲ್ಲೂ ಅಂತಹ ಕಾರ್ಡುಗಳಿವೆ. ಲೋಥೆಬ್ ಎಂಬುದು ಎದುರಾಳಿಯ ಮುಂದಿನ ಸರದಿಯಲ್ಲಿ ಅವನ ಮಂತ್ರಗಳ ಬೆಲೆಯನ್ನು 5 ಹೆಚ್ಚಿಸುತ್ತದೆ. ಡರ್ಟಿ ರ‍್ಯಾಟ್ ಎಂಬುದು ಅವನ ಕೈಯಲ್ಲಿರುವ ಯಾವುದೋ ಒಂದು ಸೈನಿಕನನ್ನು ಹೊತ್ತಿಗೆ ಮುಂಚೆ ಕಣಕ್ಕೆ ಎಳೆದು ತರುತ್ತದೆ. ಅವನ ಯೋಜನೆಯೇನೋ ಕೆಡುತ್ತದೆ. ಆದರೆ ಬಂದವನು ದೈತ್ಯನಾಗಿದ್ದರೆ? ಅವನನ್ನು ಉರುಳಿಸುವ ಕಾರ್ಡು ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮ ಕೈಯಾರೆ ನೀವೇ ಸೋತಂತೆ.

ಆದ್ದರಿಂದ ಕೆಡಿಸುವ ಡೆಕ್ಕಿಗೆ ಮೂರು ಬೇಕು: ಎದುರಾಳಿ ಏನು ಮಾಡಲಿದ್ದಾನೆಂಬ ಅರಿವು, ಅದನ್ನು ತಡೆಯುವ ಹೊತ್ತು, ತಡೆದ ಮೇಲೆ ಗೆಲ್ಲುವ ದಾರಿ. ಈ ಮೂರೂ ಪೊಟ್ಟಣದಲ್ಲಿ ಸಿಗುವುದಿಲ್ಲ. ಸೋತ ಆಟವನ್ನು ಕಾಗದದಲ್ಲಿ ಬರೆದು ನೋಡುವ ತಾಳ್ಮೆಯಿಂದ ಸಿಗುತ್ತವೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಹಾರ್ತ್‌ಸ್ಟೋನ್ ಪ್ರದರ್ಶನ ಕ್ರೀಡೆಯಾಗಿತ್ತು. ಗುಜರಾತಿನ ತೀರ್ಥ್ ಮೆಹ್ತಾ ಅದರಲ್ಲಿ ಕಂಚು ಗೆದ್ದರು. ಆದ್ದರಿಂದ ಇದನ್ನು ಬರೀ ಪೋಲಿ ಆಟವೆಂದು ನಾನು ಹೇಳಲಾರೆ.

ಹಾಗಾದರೆ ಕೇಡು ಎಲ್ಲಿದೆ? ಪೊಟ್ಟಣದಲ್ಲಿದೆ. ಒಳಗೆ ಏನಿದೆಯೆಂದು ಹಣ ಕೊಟ್ಟ ಮೇಲೆಯೇ ತಿಳಿಯುತ್ತದೆ. ಬೇಡದ ಲೆಜೆಂಡರಿಯನ್ನು ಕರಗಿಸಿದರೆ ಹಾರ್ತ್‌ಸ್ಟೋನಿನಲ್ಲಿ 400 ಪುಡಿ ಸಿಗುತ್ತದೆ. ಬೇಕಾದುದನ್ನು ಮಾಡಿಕೊಳ್ಳಲು 1600 ಬೇಕು. ನಾಲ್ಕು ಕೊಟ್ಟು ಒಂದು ಪಡೆಯುವ ವ್ಯಾಪಾರ! ಇಂತಹ ಅದೃಷ್ಟದ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ ಜೂಜೇ ಆಗಿವೆ ಎಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹೇಳಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯ್ದೆಯೂ ಹಣ ಒಡ್ಡುವ ಆನ್‌ಲೈನ್ ಆಟವನ್ನೂ ಇ-ಕ್ರೀಡೆಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೆಯ ವಚನಗಳು ಮದ್ಯದೊಡನೆ ಜೂಜನ್ನೂ ತೊರೆಯಲು ಆದೇಶಿಸುತ್ತವೆ. ಅವು ಹಗೆತನ ಬಿತ್ತುತ್ತವೆ, ನಮಾಝಿನಿಂದ ತಡೆಯುತ್ತವೆ ಎಂಬ ಕಾರಣವನ್ನೂ ಕೊಡುತ್ತವೆ. ಪೊಟ್ಟಣದ ಬಗ್ಗೆ ಫತ್ವಾ ಕೊಡುವ ಅರ್ಹತೆ ನನಗಿಲ್ಲ, ಉಲಮಾಗಳನ್ನು ಕೇಳಿ. ಆದರೆ ಆ ದಿನ ನನ್ನ ತಂಗಿ ಮಗನೊಡನೆ ಮಾತು ಬಿಟ್ಟಳು, ಮಗ ಇಷಾ ನಮಾಝಿಗೂ ಎದ್ದು ಬರಲಿಲ್ಲ. ಇಷ್ಟನ್ನು ನಾನು ಕಣ್ಣಾರೆ ಕಂಡೆ.

ಶುಲ್ಕವನ್ನು ದಂಡದ ಸಮೇತ ಕಟ್ಟಿದೆವು. ಅವನು ಪರೀಕ್ಷೆ ಬರೆದ. ಈಗಲೂ ಭಾನುವಾರ ಒಂದು ಗಂಟೆ ಆಡುತ್ತಾನೆ. ಇರುವ ಕಾರ್ಡುಗಳಲ್ಲೇ ಡೆಕ್ ಕಟ್ಟುತ್ತಾನೆ. ಮೊನ್ನೆ ಹೇಳಿದ: “ಮಾಮು, ಇಲ್ಲದ ಕಾರ್ಡಿಗೆ ಕಾಯೋದು ಬಿಟ್ಟ ಮೇಲೆ ಹೆಚ್ಚು ಗೆಲ್ತಿದೀನಿ.”

ಮಿತ್ರರೇ, ನಿಮಗೂ ಬದುಕು ಕೆಲವೇ ಎಲೆಗಳನ್ನು ಕೊಟ್ಟಿರಬಹುದು. ಅವನ್ನು ಎಣಿಸಿ, ಜೋಡಿಸಿ, ಯೋಚಿಸಿ ಆಡಿ. ಅಮ್ಮಿ ಕೊಟ್ಟ ಶುಲ್ಕದ ಹಣವನ್ನು ಮಾತ್ರ ಆಟಕ್ಕೆ ಇಡಬೇಡಿ. ಅಲ್ಲಾಹನು ನಮಗೆಲ್ಲ ವಿವೇಕ ಕರುಣಿಸಲಿ, ಆಮೀನ್.