ಮಕ್ಕಳು ಇತಿಹಾಸವನ್ನು ಹುಡುಕಲಿ
(ಪೋಷಕರು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಬ್ರಿಟಿಷರ ಆಳ್ವಿಕೆ ಹೇಗಿತ್ತೆಂದು ಕೇಳಿದರೆ ನಮ್ಮ ಮಕ್ಕಳು ಇಸವಿಗಳನ್ನೂ ನಾಯಕರ ಹೆಸರುಗಳನ್ನೂ ಒಪ್ಪಿಸುತ್ತಾರೆ. ಆಗ ಮನೆಯಲ್ಲಿ ಯಾವ ದೀಪ ಉರಿಯುತ್ತಿತ್ತು, ಉಪ್ಪಿನ ಮೇಲೆ ಯಾರ ಅಧಿಕಾರವಿತ್ತು, ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಓದಿದ್ದರು ಎಂದು ಕೇಳಿದರೆ ಮೌನವೇ ಉತ್ತರ. ಆ ಮೌನವನ್ನು ಇಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ತುಂಬುತ್ತಿವೆ. ಪರೀಕ್ಷಿಸಲು ಕಲಿಯದ ಮಗು ಹೇಳಿದ್ದನ್ನೆಲ್ಲ ನಂಬುತ್ತದೆ. ದ್ವೇಷದ ವ್ಯಾಪಾರಿಗಳಿಗೆ ಬೇಕಾಗಿರುವುದೂ ಅಂಥ ಮಗುವೇ.

ಆದ್ದರಿಂದ ಮಕ್ಕಳ ಕೈಗೆ ಮೊದಲು ಒಂದು ವಸ್ತುವನ್ನು ಕೊಡೋಣ. ಕರಾವಳಿಯ ಮಗುವಾದರೆ ಹಳೆಯ ಮಂಗಳೂರು ಹಂಚು ಸಾಕು. ಅದರ ಮೇಲೆ ಅಚ್ಚಾಗಿರುವ ಕಾರ್ಖಾನೆಯ ಹೆಸರನ್ನು ಅದು ಓದಲಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹುಲ್ಲಿನ ಮಾಡುಗಳ ಊರಿಗೆ ಹಂಚು ಬಂತು, ಕೂಲಿಯ ಬದುಕಿಗೆ ಕಾರ್ಖಾನೆಯ ಗಂಟೆಯೂ ಬಂತು. ಆ ಕಾಲವನ್ನು ಒಂದೇ ಬಣ್ಣದಲ್ಲಿ ಬಳಿಯಲಾಗದೆಂದು ಮಗು ತಾನಾಗಿಯೇ ತಿಳಿಯುತ್ತದೆ.

ಎರಡನೆಯದು ಉಪ್ಪು. ಕಡಲ ದಂಡೆಯಲ್ಲೇ ಬದುಕುವವರೂ ಸರಕಾರದ ಪರವಾನಗಿಯಿಲ್ಲದೆ ಉಪ್ಪು ಮಾಡಿದರೆ ಅಪರಾಧವಾಗುತ್ತಿತ್ತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಆ ಕಾನೂನನ್ನು ಮುರಿದರು. 1947ರಲ್ಲಿ ಉಪ್ಪಿನ ತೆರಿಗೆ ರದ್ದಾಯಿತು. ಇಂದು ಉಪ್ಪಿಗೆ ಜಿಎಸ್‌ಟಿಯೂ ಇಲ್ಲ. ಇಲ್ಲಿಗೇ ನಿಲ್ಲಬೇಡಿ. ಮಗು ಅಂಗಡಿಯ ರಸೀದಿಯನ್ನು ತೆಗೆದು, ಧನಿಕನೂ ಬಡವನೂ ಒಂದೇ ದರದಲ್ಲಿ ತೆರಿಗೆ ತೆರುವ ವಸ್ತುಗಳನ್ನು ಪಟ್ಟಿ ಮಾಡಲಿ.

ಹೋಲಿಕೆಗೂ ಶಿಸ್ತು ಬೇಕು. 1951ರ ಜನಗಣತಿಯಲ್ಲಿ ದೇಶದ ನೂರು ಸ್ತ್ರೀಯರಲ್ಲಿ ಅಕ್ಷರಸ್ಥರು 9ಕ್ಕಿಂತ ಕಡಿಮೆ. 2011ರಲ್ಲಿ ಸುಮಾರು 65. ಆದರೆ ಮೊದಲನೆಯ ಲೆಕ್ಕ 5 ವರ್ಷ ಮೇಲ್ಪಟ್ಟವರದು, ಎರಡನೆಯದು 7 ವರ್ಷ ಮೇಲ್ಪಟ್ಟವರದು. ಎರಡೂ ಕಡೆ ಅಳತೆಗೋಲು ಒಂದೇ ಆಗಿದೆಯೇ ಎಂದು ಕೇಳಲು ಕಲಿತ ಮಗುವನ್ನು ಮುಂದೆ ಯಾವ ಭಾಷಣಕಾರನೂ ಸುಲಭವಾಗಿ ವಂಚಿಸಲಾರ. ಉಳಿದ 35 ಮಂದಿ ಯಾರು ಎಂಬ ಪ್ರಶ್ನೆಯನ್ನೂ ಅದು ಕೇಳಲಿ. ಆ ಉತ್ತರವನ್ನು ನಮ್ಮ ಮೊಹಲ್ಲಾಗಳಲ್ಲೂ ಹುಡುಕಬೇಕಾಗುತ್ತದೆ.

ಕಾನೂನುಗಳನ್ನೂ ಹೋಲಿಸಬಹುದು. ರಾಜದ್ರೋಹದ ಕಲಮು 1870ರಲ್ಲಿ ದಂಡ ಸಂಹಿತೆಗೆ ಸೇರಿತು. 1908ರಲ್ಲಿ ತಿಲಕರಿಗೆ ಅದರಡಿ 6 ವರ್ಷಗಳ ಶಿಕ್ಷೆಯಾಯಿತು. ಸ್ವಾತಂತ್ರ್ಯಾನಂತರವೂ ಅದು ಉಳಿಯಿತು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ 'ರಾಜದ್ರೋಹ' ಎಂಬ ಪದ ಹೋಯಿತು, 152ನೆಯ ಕಲಮು ಬಂತು. ಪ್ರೌಢಶಾಲೆಯ ವಿದ್ಯಾರ್ಥಿಗಳು ಎರಡನ್ನೂ ಎದುರುಬದುರಾಗಿಟ್ಟು ಓದಲಿ. ಬದಲಾದದ್ದು ಹೆಸರೋ ಆಶಯವೋ ಎಂಬುದನ್ನು ಅವರೇ ತೀರ್ಮಾನಿಸಲಿ.

ಬಂಧುಗಳೇ, 1947ರಲ್ಲಿ 10 ವರ್ಷದವರಾಗಿದ್ದವರು ಇಂದು 90ರ ಆಸುಪಾಸಿನಲ್ಲಿದ್ದಾರೆ. ನಮ್ಮ ಮನೆಗಳ ಈ ಜೀವಂತ ದಾಖಲೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಮಕ್ಕಳು ಹಿರಿಯರ ಬಳಿ ಕುಳಿತು ಕೇಳಲಿ, ಬರೆದುಕೊಳ್ಳಲಿ. ನೆನಪೂ ತಪ್ಪಬಹುದಾದ್ದರಿಂದ ಕೇಳಿದ್ದನ್ನು ಜಿಲ್ಲಾ ಗೆಝೆಟಿಯರ್, ಶಾಲಾ ದಾಖಲೆ, ಜಮೀನಿನ ಪತ್ರಗಳೊಂದಿಗೆ ತಾಳೆ ನೋಡಲಿ. ಇದಕ್ಕೆ ಹಣ ಬೇಡ. ಒಂದು ನೋಟು ಪುಸ್ತಕ, ವಾರಕ್ಕೊಂದು ಸಂಜೆ ಮತ್ತು ಪ್ರಶ್ನಿಸಿದ ಮಗುವನ್ನು ಗದರದ ಹಿರಿಯರು ಸಾಕು. ಈ ರಜೆಯಲ್ಲೇ ನಾವು ಆರಂಭಿಸೋಣ.