ಹೃದಯ, ಹಾರ್ಮೋನು ಮತ್ತು ಔಷಧ



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಫೆಬ್ರವರಿ, ಮಾರ್ಚ್ ತಿಂಗಳುಗಳೆಂದರೆ ಹೂಮಳೆಗಾಗಿ ಕಾಯುವ ಕಾಲ. ಮಳೆ ಬಾರದಿದ್ದರೆ ತೋಟದವರು ಕೆರೆಯ ಬಳಿ ಪಂಪ್‌ಸೆಟ್ ಇಟ್ಟು, ಪೈಪು ಜೋಡಿಸಿ, ಗುಡ್ಡದ ಮೇಲಿನ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರಿನಿಂದ ನೀರು ಹೊಡೆಯುತ್ತಾರೆ. ಪಂಪು ಹಳೆಯದಾಗಿದೆ ಎಂದುಕೊಳ್ಳಿ. ಗುಡ್ಡದ ತುದಿಯಲ್ಲಿ ನಿಂತವನಿಗೆ ಪಂಪು ಕಾಣಿಸುವುದಿಲ್ಲ. ನೀರು ಕಡಿಮೆಯಾದದ್ದು ಮಾತ್ರ ಅವನಿಗೆ ಗೊತ್ತು. ಅವನು "ಇನ್ನೂ ಜೋರು ಮಾಡಿ" ಎಂದು ಕೂಗುತ್ತಾನೆ. ಕೆಳಗಿರುವವರು ಅವನ ಮಾತು ಕೇಳಿ ಎಂಜಿನ್ನಿನ ವೇಗ ಹೆಚ್ಚಿಸುತ್ತಾರೆ. ಆ ಹೊತ್ತಿಗೆ ನೀರು ಬಂದೀತು. ಆದರೆ ಪಂಪಿನ ಆಯುಷ್ಯ ಕಡಿಮೆಯಾಗುತ್ತದೆ. ಸೋತ ಹೃದಯದ ಕಥೆಯೂ ಬಹುಮಟ್ಟಿಗೆ ಇದೇ.

ಹೃದಯಾಘಾತ ಮತ್ತು ಹೃದಯ ವೈಫಲ್ಯ ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಯಿತೆಂದು ಅರ್ಥವಲ್ಲ; ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಸರಾಗವಾಗಿ ನೂಕಲಾರದ ಸ್ಥಿತಿ ಅದು. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಆಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಆ ಕಲೆ ಸಂಕುಚಿಸಲಾರದು. ಹೀಗೆ ಮೊದಲನೆಯದು ಎರಡನೆಯದಕ್ಕೆ ದಾರಿಯಾಗುತ್ತದೆ.

ಇಲ್ಲಿ ಹಾರ್ಮೋನುಗಳ ಪಾತ್ರ ಬರುತ್ತದೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಒಬ್ಬನಿಗೆ ವಿಪರೀತ ರಕ್ತಸ್ರಾವವಾಯಿತೆನ್ನಿ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ಕೂಡಲೇ ಹೃದಯದ ಬಡಿತವನ್ನು ಏರಿಸುತ್ತವೆ. ಮೂತ್ರಪಿಂಡಗಳು ರೆನಿನ್ ಎಂಬ ಕಿಣ್ವವನ್ನು ಸುರಿಸುತ್ತವೆ. ಅದರಿಂದ ಹಂತಹಂತವಾಗಿ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ತಯಾರಾಗಿ ರಕ್ತನಾಳಗಳನ್ನು ಬಿಗಿಯುತ್ತದೆ. ಅದು ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಹೊರಡುವಂತೆಯೂ ಮಾಡುತ್ತದೆ; ಉಪ್ಪು, ನೀರು ಮೂತ್ರದಲ್ಲಿ ಹೋಗದಂತೆ ತಡೆಯುವುದು ಆಲ್ಡೊಸ್ಟೆರೋನಿನ ಕೆಲಸ. ಆಸ್ಪತ್ರೆ ಸೇರುವವರೆಗೆ ಆ ಮನುಷ್ಯನ ಜೀವ ಹಿಡಿಯುವುದು ಈ ಏರ್ಪಾಡೇ.

ಆದರೆ ಹೃದಯ ಸೋತು ರಕ್ತ ಕಡಿಮೆ ಬಂದಾಗಲೂ ಮೂತ್ರಪಿಂಡಕ್ಕೆ ಅದು ರಕ್ತಸ್ರಾವದಂತೆಯೇ ತೋರುತ್ತದೆ. ಗುಡ್ಡದ ತುದಿಯ ಮನುಷ್ಯನಂತೆ ಅದೂ ಕೂಗತೊಡಗುತ್ತದೆ. ಗಂಟೆಗಳ ಮಟ್ಟಿಗೆ ಬಂದು ಹೋಗಬೇಕಾದ ಹಾರ್ಮೋನುಗಳು ತಿಂಗಳುಗಟ್ಟಲೆ ಉಳಿಯುತ್ತವೆ. ನಾಳಗಳು ಬಿಗಿದು ಹೃದಯದ ಹೊರೆ ಹೆಚ್ಚುತ್ತದೆ. ಉಪ್ಪು, ನೀರು ನಿಂತು ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಹೃದಯ ಹಿಗ್ಗುತ್ತದೆ, ಇನ್ನಷ್ಟು ಸೋಲುತ್ತದೆ.

ಈ ವಿಷವರ್ತುಲವನ್ನು ಮುರಿಯುವ ಮೊದಲ ಸುಳಿವು ನಿಜವಾಗಿ ವಿಷದಿಂದಲೇ ಬಂತು! ನಮ್ಮ ಪಶ್ಚಿಮಘಟ್ಟದ ಗುಳಿಮಂಡಲ ಹಾವಿನ ದೂರದ ನೆಂಟನೊಂದು ಬ್ರೆಜಿಲ್‌ನಲ್ಲಿದೆ, ಹೆಸರು ಜರರಾಕ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. 1960ರ ದಶಕದಲ್ಲಿ ಸರ್ಜಿಯೊ ಫೆರೇರಾ ಅದರ ವಿಷದಲ್ಲಿದ್ದ ಕಾರಣವಸ್ತುವನ್ನು ಗುರುತಿಸಿದರು. ಆ ವಸ್ತು ಆಂಜಿಯೊಟೆನ್ಸಿನ್ ತಯಾರಾಗುವುದನ್ನು ತಡೆಯುತ್ತದೆ ಎಂಬುದು ಮುಂದೆ ತಿಳಿಯಿತು. ಅದರ ಜಾಡು ಹಿಡಿದು ಕುಶ್‌ಮನ್ ಮತ್ತು ಒಂಡೆಟಿ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆಯನ್ನು ರೂಪಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದೇ ಬಗೆಯ ಎನಾಲಪ್ರಿಲನ್ನು ತೀವ್ರ ಹೃದಯ ವೈಫಲ್ಯದ 253 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 44 ಮಂದಿ, ಎನಾಲಪ್ರಿಲ್ ತೆಗೆದುಕೊಂಡವರಲ್ಲಿ ಶೇಕಡಾ 26 ಮಂದಿ ತೀರಿಕೊಂಡಿದ್ದರು.

ಅಡ್ರಿನಲಿನ್ನಿನ ಪ್ರಭಾವ ತಗ್ಗಿಸುವ ಬೀಟಾ ತಡೆ ಔಷಧಗಳ ಕಥೆ ಇನ್ನೂ ವಿಚಿತ್ರ. ಇವು ಹೃದಯವನ್ನು ನಿಧಾನಗೊಳಿಸುತ್ತವೆ. ಆದ್ದರಿಂದ ಸೋತ ಹೃದಯಕ್ಕೆ ಕೊಡಲೇಬಾರದೆಂದು ವೈದ್ಯರು ಬಹುಕಾಲ ನಂಬಿದ್ದರು. 1975ರಲ್ಲಿ ಸ್ವೀಡನ್ನಿನ ವೈದ್ಯರು ಕೆಲವೇ ರೋಗಿಗಳಿಗೆ ಕೊಟ್ಟು ಗುಣ ಕಂಡಿತೆಂದು ಬರೆದರು. 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಇವುಗಳಿಂದ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಅದೇ ವರ್ಷ ಆಲ್ಡೊಸ್ಟೆರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೂಡ ತೀವ್ರ ವೈಫಲ್ಯದಲ್ಲಿ ಸಾವನ್ನು ಶೇಕಡಾ 30ರಷ್ಟು ಇಳಿಸಿತೆಂದು ತಿಳಿಯಿತು.

ಹೃದಯ ಸುಮ್ಮನೆ ಕೂತು ಇದನ್ನೆಲ್ಲ ಸಹಿಸುವುದಿಲ್ಲ. ಅದು ತಾನೂ ಒಂದು ಗ್ರಂಥಿ! ಗೋಡೆಗಳು ಹಿಗ್ಗಿದಾಗ, ಉಪ್ಪು–ನೀರನ್ನು ಹೊರಹಾಕುವ ಹಾರ್ಮೋನನ್ನು ಅದು ಸ್ರವಿಸುತ್ತದೆ. ಇದನ್ನು 1981ರಲ್ಲಿ ಕೆನಡಾದಲ್ಲಿ ಡಿ ಬೋಲ್ಡ್ ತೋರಿಸಿದರು. ಈ ಗುಂಪಿನ ಇನ್ನೊಂದು ಹಾರ್ಮೋನಿನ ರಕ್ತಪರೀಕ್ಷೆಯಿಂದ ಇಂದು ಹೃದಯ ವೈಫಲ್ಯವನ್ನು ಪತ್ತೆಹಚ್ಚುತ್ತಾರೆ. ಈ ಒಳ್ಳೆಯ ಹಾರ್ಮೋನುಗಳು ಬೇಗ ನಾಶವಾಗದಂತೆ ಕಾಯುವ ಔಷಧವೂ ಈಗ ಇದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಕೂಡ ಸೋತ ಹೃದಯಕ್ಕೆ ನೆರವಾಗುತ್ತದೆಂದು 2019ರಲ್ಲಿ ಗೊತ್ತಾಯಿತು.

ಇನ್ನು ನಮ್ಮ ಮಲೆನಾಡಿನ ಮಾತು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ಹಾದಿ. ಮಂಗಳೂರಿಗೆ ಹೋಗುವ ಚಾರ್ಮಾಡಿ ಘಾಟಿ 2019ರ ಮಳೆಗಾಲದಲ್ಲಿ ಗುಡ್ಡ ಕುಸಿದು ಮುಚ್ಚಿತ್ತು. ಆದ್ದರಿಂದ ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತುಕೊಂಡು ಬಂದರೆ "ಗ್ಯಾಸ್ ಇರಬೇಕು" ಎಂದು ಕಷಾಯ ಕುಡಿದು ಬೆಳಗಾಗಲು ಕಾಯಬಾರದು. 108ಕ್ಕೆ ಕರೆಮಾಡಿ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ಏರ್ಪಾಡು. ಬೇಗ ಕರಗಿದಷ್ಟೂ ಸ್ನಾಯು ಉಳಿಯುತ್ತದೆ. ಸ್ನಾಯು ಉಳಿದಷ್ಟೂ ಮುಂದೆ ಹಾರ್ಮೋನುಗಳ ಕೂಗಾಟ ಕಡಿಮೆ.

ಆದರೆ ಹೆಚ್ಚು ಎಡವುವುದು ಮನೆಗೆ ಬಂದ ಮೇಲೆ. ಕಾಲಿನ ಊತ ಇಳಿಯಿತು, ಅಜ್ಜ ಅಂಗಳದಲ್ಲಿ ಓಡಾಡುತ್ತಾರೆ, "ಇನ್ನು ಮಾತ್ರೆ ಯಾಕೆ?" ಎನ್ನುತ್ತಾರೆ. ಮಾತ್ರೆ ನಿಂತರೆ ಹಾರ್ಮೋನುಗಳು ಮತ್ತೆ ತಲೆಯೆತ್ತುತ್ತವೆ. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದನ್ನು ಅವರಿಗೆ ಹೇಳಬೇಕಾದವರು, ಓದುಬರಹ ಬಲ್ಲ ನೀವು. ಒಣಕೆಮ್ಮು ಬಂದರೆ ಮಳೆಗಾಲದ ಶೀತವೆಂದು ಸುಮ್ಮನಿರಬೇಡಿ; ಅದು ಎನಾಲಪ್ರಿಲ್ ಬಗೆಯ ಮಾತ್ರೆಯಿಂದಲೂ ಬರಬಹುದು. ವೈದ್ಯರಿಗೆ ತಿಳಿಸಿ, ಬದಲಿ ಔಷಧವಿದೆ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಅಂಥವುಗಳಲ್ಲಿ ಹಲವು ದೇಹದಲ್ಲಿ ಉಪ್ಪು, ನೀರನ್ನು ನಿಲ್ಲಿಸುತ್ತವೆ. ಮಿಡಿ ಉಪ್ಪಿನಕಾಯಿ, ಒಣಮೀನು ತಟ್ಟೆಯಿಂದ ದೂರವಿರಲಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಮೈತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಅಂದೇ ವೈದ್ಯರನ್ನು ಕಾಣಿಸಿ.

ಸೋತ ಪಂಪಿಗೆ ಬೇಕಾದದ್ದು ಇನ್ನಷ್ಟು ವೇಗವಲ್ಲ, ಹೊರೆ ಇಳಿಸುವ ಕೈ. ಆ ಕೈ ನಿಮ್ಮದೂ ಆಗಲಿ.