ಪುಟ್ಟಿಯ ಕೆಳಗಿನ ತಗಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡಬೇಕೆಂದು ಸಮಿತಿಯವರು ಕೇಳಿದಾಗ, "ನಾನು ಶಿವಮೊಗ್ಗದಲ್ಲಿ ಟಿಂಕರಿಂಗ್ ಕೆಲಸ ಮಾಡುವವನು, ನಾನೇನು ಮಾತಾಡಲಿ?" ಅಂದೆ. "ಆ ಅಂಬಾಸಿಡರ್ ಕಾರಿನ ವಿಷಯವನ್ನೇ ಹೇಳಿ" ಅಂದರು. ಅದನ್ನೇ ಹೇಳುತ್ತೇನೆ.

ಆ ಕಾರು ನಿಮಗೆಲ್ಲ ಗೊತ್ತಿರುವುದೇ. 1978ರ ಮಾರ್ಕ್ 3. ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಕಾಲದಲ್ಲಿ, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಜನ ಹೋಗಿ ಬಾಗಿಲು ತಟ್ಟುತ್ತಿದ್ದದ್ದು ಆ ಕಾರಿದ್ದ ಮನೆಯದನ್ನೇ. ಅದರ ಹಿಂದಿನ ಸೀಟಿನಲ್ಲಿ ಮಲಗಿ ಆಸ್ಪತ್ರೆಗೆ ಹೋದ ತಾಯಂದಿರು ಈ ಸಭೆಯಲ್ಲೂ ಇದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಕಾರು ಹನ್ನೊಂದು ಮಳೆಗಾಲ ಕೊಟ್ಟಿಗೆಯಲ್ಲೇ ನಿಂತಿತು. ಆಮೇಲೆ ಅವರ ಮಗ ಅದನ್ನು ಲಾರಿಯ ಮೇಲೆ ಹಾಕಿಸಿಕೊಂಡು ನಮ್ಮ ಗ್ಯಾರೇಜಿಗೆ ತಂದರು. ಐದು ತಿಂಗಳಲ್ಲಿ ಮಗಳ ಮದುವೆ, ದಿಬ್ಬಣ ಇದೇ ಕಾರಿನಲ್ಲಿ ಹೋಗಬೇಕು ಎಂಬುದು ಅವರ ಆಸೆ.

ಮೇಲುನೋಟಕ್ಕೆ ಕಾರು ಅಷ್ಟು ಕೆಟ್ಟಿರಲಿಲ್ಲ. ಬಣ್ಣ ಮಾಸಿತ್ತು, ಮಡ್‌ಗಾರ್ಡಿನ ಮೇಲೆ ನಾಲ್ಕಾರು ಗುಳ್ಳೆ ಎದ್ದಿದ್ದವು. ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ತಗಡಿಗೆ ಅದು ಹಿಡಿದುಕೊಳ್ಳುತ್ತದೆ, ದಪ್ಪ ಪುಟ್ಟಿಗೆ ಹಿಡಿಯುವುದಿಲ್ಲ. ಈ ಕಾರಿನ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಮೇಲೆ ಇಟ್ಟರೆ ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಬಣ್ಣ ಕೆರೆದು ನೋಡಿದರೆ ಹೆಬ್ಬೆರಳು ದಪ್ಪದ ಪುಟ್ಟಿ. ಅದರ ಹಿಂದೆ ತಗಡೇ ಇಲ್ಲ, ಬರೀ ತುಕ್ಕಿನ ಪುಡಿ. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು.

ಇದು ಅಂದಚಂದದ ವಿಷಯ ಮಾತ್ರ ಅಲ್ಲ. ಲಾರಿಗೆ ಕೆಳಗೆ ಬೇರೆ ಚಾಸಿಸ್ ಇರುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ನಮ್ಮ ಅಂಬಾಸಿಡರಿಗೆ ಹಾಗಿಲ್ಲ. ಅದರ ಬಾಡಿಯೇ ಅದರ ಬೆನ್ನೆಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ನೆಲದ ತಗಡು, ಕಂಬಗಳು, ಇವೇ ಇಡೀ ಭಾರ ಹೊರುತ್ತವೆ. ಅವು ಟೊಳ್ಳಾದರೆ, ಗುಂಡಿಯಲ್ಲಿ ಜೋರಾಗಿ ಇಳಿದಾಗ ಕಾರು ನಡುವೆ ಜಗ್ಗುತ್ತದೆ. ಅಪಘಾತವಾದರೆ ಒಳಗಿದ್ದವರನ್ನು ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಅವರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಈಗ ಪುಟ್ಟಿ ಹಾಕಿ ಬಣ್ಣ ಹೊಡೆದುಬಿಡಿ. ಮದುವೆ ಮುಗಿಯಲಿ, ಆಮೇಲೆ ನೋಡೋಣ. ಕೆಳಗೆ ಬಗ್ಗಿ ಯಾರು ನೋಡುತ್ತಾರೆ?" ಅಂದರು. "ತಮ್ಮಾ, ಅದರಲ್ಲಿ ಕೂರುವವಳು ನಿನ್ನ ಮಗಳು. ಹಾಗೆ ಮಾಡಿ ಕೊಡುವುದಕ್ಕೆ ನನ್ನಿಂದ ಆಗುವುದಿಲ್ಲ" ಅಂದೆ. ಬೇಸರ ಮಾಡಿಕೊಂಡೇ ಹೋದರು. ಒಂದು ವಾರ ಫೋನ್ ಇಲ್ಲ. ಎಂಟನೆಯ ದಿನ ಬಂದು, "ಅಮ್ಮನೂ ನಿಮ್ಮ ಮಾತನ್ನೇ ಹೇಳಿದರು. ಎಷ್ಟು ದಿನ ಆದರೂ ಆಗಲಿ" ಅಂದರು.

ಮಕ್ಕಳೇ, ಇಲ್ಲಿಂದ ಮುಂದಿನದು ನಿಮ್ಮ ಪುಸ್ತಕದಲ್ಲಿ ಇರುವುದೇ.

ಮೂರು ಪ್ರನಾಳದಲ್ಲಿ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ನೆನಪಿದೆಯಲ್ಲ? ನೀರು, ಗಾಳಿ ಎರಡೂ ಇದ್ದ ಪ್ರನಾಳದ ಮೊಳೆಗೆ ಮಾತ್ರ ತುಕ್ಕು ಹಿಡಿಯುತ್ತದೆ. ಕಾರಿನ ಬಾಗಿಲ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿದರೆ ಒಳಗೆ ನಿಂತ ನೀರು, ಗಾಳಿ ಸೇರಿ ಅದೇ ಪ್ರಯೋಗ ವರ್ಷಗಟ್ಟಲೆ ನಡೆಯುತ್ತದೆ. ಆದ್ದರಿಂದ ತುಕ್ಕಿನ ಮೇಲೆ ತೇಪೆ ಹಾಕಿದರೆ ಪ್ರಯೋಜನವಿಲ್ಲ. ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ನಾವು ನೆಲದ ಅರ್ಧಭಾಗ, ಎರಡೂ ಕಡೆಯ ರನ್ನಿಂಗ್ ಬೋರ್ಡು, ಡಿಕ್ಕಿಯ ತಳ, ನಾಲ್ಕೂ ಬಾಗಿಲಿನ ಕೆಳಭಾಗ ಕತ್ತರಿಸಿದೆವು. ಕತ್ತರಿಸುವ ಮೊದಲು ಬಾಡಿ ಸೊಟ್ಟಗಾಗದಂತೆ ಬಾಗಿಲ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪೈಪು ಬೆಸೆದೆವು.

ಕಾಯಿಸಿದ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಅದು ಎರಡನೆಯ ಪಾಠ. ಒಂದು ಮಿಲಿಮೀಟರ್ ದಪ್ಪದ ತಗಡನ್ನು ಒಂದೇ ಸಮನೆ ಬೆಸೆಯುತ್ತಾ ಹೋದರೆ ಅದು ಒಣಗಿದ ಎಲೆಯ ಹಾಗೆ ಮುರುಟಿಕೊಳ್ಳುತ್ತದೆ. ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ತಣಿಯಲು ಬಿಟ್ಟು ಮತ್ತೆ ಮೊದಲಿನದರ ಪಕ್ಕ. ಒಂದು ಮೊಳ ಬೆಸುಗೆಗೆ ಅರ್ಧ ದಿನ ಹಿಡಿಯುತ್ತದೆ.

ಎಡಗಡೆ ಮುಗಿದು ಬಾಗಿಲು ಜೋಡಿಸಿದರೆ ಹಿಂದಿನ ಬಾಗಿಲು ಹಾಕಲು ಬರಲಿಲ್ಲ. ಮೇಲೆ ಸಂದು ಕಿರಿದು, ಕೆಳಗೆ ಬೆರಳು ತೂರುವಷ್ಟು. ಆಗ ಸಹಾಯಕ್ಕೆ ಬಂದದ್ದು ಆಯತದ ಕರ್ಣಗಳು ಸಮ ಎಂಬ ರೇಖಾಗಣಿತದ ಪಾಠ. ಕಾರಿನ ಅಡಿಯಲ್ಲಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಹನ್ನೊಂದು ಮಿಲಿಮೀಟರ್ ವ್ಯತ್ಯಾಸ. ಎಂದೋ ಆಗಿದ್ದ ಅಪಘಾತದಲ್ಲಿ ಬಾಡಿ ತಿರುಚಿತ್ತು. ಆಗ ಅದನ್ನು ನೆಟ್ಟಗೆ ಮಾಡದೆ ಪುಟ್ಟಿಯಲ್ಲಿ ಮುಚ್ಚಿದ್ದರು. ನಡುಗಂಬವನ್ನು ಬಿಡಿಸಿ, ಜಾಕ್ ಕೊಟ್ಟು ಎಳೆದು, ಎರಡು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆವು. ಅಷ್ಟರಲ್ಲಿ ಮದುವೆಯ ದಿನ ಬಂದೇಬಿಟ್ಟಿತು. ದಿಬ್ಬಣ ಬೇರೆ ಕಾರಿನಲ್ಲಿ ಹೋಯಿತು. ಊಟಕ್ಕೆ ನಾನೂ ಹೋಗಿದ್ದೆ. ಮದುಮಗಳು ಬಂದು, "ಮಾಮಾ, ಕಾರು ಎಲ್ಲಿಗೆ ಬಂತು?" ಅಂತ ಕೇಳಿದಳು. ಆ ಹೊತ್ತಿಗೆ ಕಾರಿಗೆ ನೆಲ ಇತ್ತು, ಬಾಗಿಲು ಇರಲಿಲ್ಲ.

ಆಮೇಲೆ ಮಳೆಗಾಲ. ಸಂಜೆ ಉಜ್ಜಿ ಬೆಳ್ಳಗೆ ಮಾಡಿದ ತಗಡು ಬೆಳಿಗ್ಗೆ ಕೆಂಪಾಗಿರುತ್ತಿತ್ತು. ಅವತ್ತು ಉಜ್ಜಿದ್ದಕ್ಕೆ ಅವತ್ತೇ ಪ್ರೈಮರ್ ಹೊಡೆಯಬೇಕು. ತೇವದ ಗಾಳಿಯಲ್ಲಿ ಕೊನೆಯ ಬಣ್ಣ ಹೊಡೆದರೆ ಮಬ್ಬಾಗುತ್ತದೆ. ದೀಪಾವಳಿ ಕಳೆಯುವವರೆಗೆ ಕಾದೆವು. ಪುಟ್ಟಿ ನಾವೂ ಹಾಕಿದೆವು, ಆದರೆ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿದ ಗಟ್ಟಿ ತಗಡಿನ ಮೇಲೆ, ಕಾಗದದಷ್ಟು ತೆಳ್ಳಗೆ.

ಒಟ್ಟು ಹದಿನಾರು ತಿಂಗಳು ಹಿಡಿಯಿತು. ಕಾರಿನಲ್ಲಿ ಮೊದಲು ಕೂತವರು ಯಜಮಾನರ ಹೆಂಡತಿ, ಅವರ ತೊಡೆಯ ಮೇಲೆ ಮೊಮ್ಮಗಳ ಎರಡು ತಿಂಗಳ ಕೂಸು. ಬಾಗಿಲು ಒಂದೇ ಸಲಕ್ಕೆ, ಬೆರಳಲ್ಲಿ ತಳ್ಳಿದರೆ ಹಾಕಿಕೊಂಡಿತು.

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹೊಸ ತಗಡು ಭಾಗ ಸಿಗುವುದು ಕಷ್ಟ, ಬೇಕಾದ್ದನ್ನು ಕೈಯಲ್ಲೇ ತಟ್ಟಿ ಮಾಡಬೇಕು. ಮಾಡುವ ಕೈಗಳೂ ಕಡಿಮೆಯಾಗಿವೆ. ನನ್ನ ಗ್ಯಾರೇಜಿನಲ್ಲಿ ಮೂವರು ಹುಡುಗರಿದ್ದಾರೆ, ನಾಲ್ಕನೆಯವನಿಗೂ ಜಾಗ ಇದೆ. ಅಂಕ ಕಡಿಮೆ ಬಂದವನು ಗ್ಯಾರೇಜಿಗೆ ಎಂದು ತಂದೆತಾಯಂದಿರು ದಯವಿಟ್ಟು ಹೇಳಬೇಡಿ. ತುಕ್ಕು, ಶಾಖ, ಕರ್ಣ, ಇವನ್ನು ಚೆನ್ನಾಗಿ ತಿಳಿದವನೇ ನಮಗೆ ಬೇಕು. ಪಾಠ ಹೇಳಿದ ಗುರುಗಳು ಇಲ್ಲೇ ಕೂತಿದ್ದಾರೆ. ಅವರ ಬುನಾದಿ ಗಟ್ಟಿ ಇದ್ದುದರಿಂದಲೇ ನನ್ನ ಕೆಲಸ ನಿಂತಿದೆ.